ಹೊತ್ತು ಮುಳುಗಿದ ಮೇಲಿನ ಮಾತು

ರಬಕವಿಯ ಬಸದಿ ಓಣಿಯಲ್ಲಿ ಧನಶ್ರೀಗಿದ್ದ ಮರ್ಯಾದೆ ಅವಳ ವಯಸ್ಸಿನ ಇನ್ನಾವ ಹೆಂಗಸಿಗೂ ಇರಲಿಲ್ಲ. ಮೂವತ್ತೈದರ ಹೆಣ್ಣುಮಗಳ ಕಾಲಿಗೆ ಐವತ್ತೈದು ದಾಟಿದ ಇಂದ್ರವ್ವ ಬಗ್ಗಿ ನಮಸ್ಕಾರ ಮಾಡುತ್ತಿದ್ದಳೆಂದರೆ ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ. ಇಂದ್ರವ್ವ ಎದುರುಮನೆಯವಳು. ಮದುವೆ ಮನೆಗೆ ಹೋದರೆ ಮೊದಲು ಸಾರಿನಲ್ಲಿ ಉಪ್ಪು ಹೆಚ್ಚೋ ಕಡಿಮೆಯೋ ನೋಡಿ, ಆಮೇಲೆ ಮದುಮಕ್ಕಳ ಮುಖ ನೋಡುವ ಸ್ವಭಾವದವಳು. ಅಂಥವಳು ಧನಶ್ರೀಯಲ್ಲಿ ಒಂದು ಐಬನ್ನೂ ಹುಡುಕಲಾರದೆ ಸೋತಿದ್ದಳು. ಕಾರಣ ಇಷ್ಟೇ: ಎಂಟು ವರ್ಷಗಳಿಂದ ಧನಶ್ರೀ ಹೊತ್ತು ಮುಳುಗಿದ ಮೇಲೆ ಒಂದೇ ಒಂದು ಮಾತಾಡಿದವಳಲ್ಲ. ದೀಪ ಹಚ್ಚುವ ಹೊತ್ತಿಗೆ ಒಳಕೋಣೆ ಸೇರಿದಳೆಂದರೆ ಮತ್ತೆ ಅವಳ ದನಿ ಕೇಳುವುದು ಮರುದಿನ ಸೂರ್ಯ ಮೂಡಿದ ಮೇಲೆಯೇ. ಸಂಜೆಯ ಮೌನವ್ರತ ಎಂದು ಓಣಿಯವರೆಲ್ಲ ಹೇಳುತ್ತಿದ್ದರು.

ವ್ರತವೂ ಇಲ್ಲ, ಮಣ್ಣೂ ಇಲ್ಲ. ಅದೊಂದು ಗುಳಿಗೆ.

ಧನಶ್ರೀಗೆ ಎಚ್‌ಐವಿ ಇತ್ತು. ಗಂಡ ಪಾರಿಸಪ್ಪ ಸೀರೆಯ ಗಂಟು ಕಟ್ಟಿಕೊಂಡು ಊರೂರು ತಿರುಗುವ ವ್ಯಾಪಾರಿಯಾಗಿದ್ದ. ಏನು ಕಾಯಿಲೆ ಎಂದು ಮನೆಯವರಿಗೆ ತಿಳಿಯುವಷ್ಟರಲ್ಲಿ ಅವನು ತೀರಿಕೊಂಡ. ಆಮೇಲೆ ತಾಯಿ ಮಗಳಿಬ್ಬರ ರಕ್ತ ತಪಾಸಣೆಯಾಯಿತು. ಮಗಳು ಪ್ರಾಚಿಗೆ ಏನೂ ಇರಲಿಲ್ಲ, ತಾಯಿಗೆ ಇತ್ತು. ಜಮಖಂಡಿಯ ಆಸ್ಪತ್ರೆಯವರು ಧೈರ್ಯ ಹೇಳಿ ದಿನಕ್ಕೊಂದು ಗುಳಿಗೆ ಬರೆದುಕೊಟ್ಟರು. ಸ್ವಲ್ಪ ತಲೆ ತಿರುಗುತ್ತದೆ, ಅದಕ್ಕೇ ರಾತ್ರಿ ಮಲಗುವ ಮುಂದೆ ನುಂಗಬೇಕು, ನಿದ್ದೆಯಲ್ಲಿ ಗೊತ್ತಾಗುವುದಿಲ್ಲ ಎಂದರು.

ರಾತ್ರಿ ಎಂಬ ಮಾತು ಕೇಳಿ ಅತ್ತೆ ಅಕ್ಕವ್ವನ ಎದೆ ಧಸಕ್ಕೆಂದಿತು. ಜೈನರ ಆ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಅನ್ನವಿರಲಿ, ಹನಿ ನೀರೂ ಯಾರ ಗಂಟಲಿಗೂ ಇಳಿದದ್ದಿಲ್ಲ. ಮಗನನ್ನು ಕಳೆದುಕೊಂಡ ಸಂಕಟದಲ್ಲೂ ಅಕ್ಕವ್ವ ತನ್ನ ನೇಮ ಬಿಟ್ಟಿರಲಿಲ್ಲ. ಈಗ ಸೊಸೆ ರಾತ್ರಿ ನೀರು ಕುಡಿದು ಗುಳಿಗೆ ನುಂಗುವುದೆಂದರೇನು? ಅವಳು ಡಾಕ್ಟರನ್ನು ಕೇಳುವ ಗೋಜಿಗೇ ಹೋಗದೆ ಗುಳಿಗೆಯನ್ನು ಹೊತ್ತು ಮುಳುಗುವ ಮುಂಚಿನ ಸಂಜೆಯ ಊಟಕ್ಕೆ ತಂದಿಟ್ಟಳು. ಖಡಕ್ ಗುಳಿಗೆ, ಹೊಟ್ಟೆಯಲ್ಲಿ ಸುಡಬಾರದು ಎಂದು ರೊಟ್ಟಿಯ ಮೇಲೆ ಒಂದು ಸೌಟು ತುಪ್ಪವನ್ನೂ ಸುರಿದಳು. ಪ್ರೀತಿಯಿಂದಲೇ ಸುರಿದಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಗುಳಿಗೆಗೂ ಜಿಡ್ಡಿಗೂ ಆಗಿಬರುವುದಿಲ್ಲ, ಜಿಡ್ಡು ಸೇರಿದರೆ ಅದು ನೇರ ತಲೆಗೇರುತ್ತದೆ ಎಂಬುದು ಪಾಪ ಅವಳಿಗೇನು ಗೊತ್ತು? ಹೀಗಾಗಿ ದಿನಾ ಸಂಜೆ ದೇವರ ದೀಪ ಹೊತ್ತಿಕೊಳ್ಳುವ ಹೊತ್ತಿಗೆ ಸರಿಯಾಗಿ ಧನಶ್ರೀಯ ಸುತ್ತಲ ಗೋಡೆಗಳು ನಡೆಯಲು ಶುರು ಮಾಡುತ್ತಿದ್ದವು. ನಾಲಿಗೆ ದಪ್ಪವಾಗುತ್ತಿತ್ತು. ಬಿದ್ದುಕೊಂಡರೆ ಬೆಳಗಿನವರೆಗೆ ಎಚ್ಚರವಿಲ್ಲ.

ಒಂದು ಸಂಜೆ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಇಂದ್ರವ್ವ, ಅರೆಗಣ್ಣು ಮುಚ್ಚಿ ಮಲಗಿದ್ದ ಧನಶ್ರೀಯನ್ನು ಕಂಡು, ಯಾಕೆ, ಮಾತಾಡಿಸಿದರೂ ಮಾತಾಡುವುದಿಲ್ಲವಲ್ಲ ಎಂದು ಕೇಳಿದಳು. ಅಕ್ಕವ್ವ ರೆಪ್ಪೆ ಮಿಟುಕಿಸದೆ, ಗಂಡ ಹೋದಾಗಿನಿಂದ ಸಂಜೆ ಮೌನ ಹಿಡಿದಿದ್ದಾಳೆ ಎಂದುಬಿಟ್ಟಳು. ಒಂದು ಸುಳ್ಳಿಗೆ ಹತ್ತು ಸುಳ್ಳಿನ ಆಸರೆ ಬೇಕು ಅನ್ನುತ್ತಾರೆ. ಇಲ್ಲಿ ಆ ಕಷ್ಟವೂ ಇರಲಿಲ್ಲ. ಉಳಿದ ಒಂಬತ್ತನ್ನು ಓಣಿಯವರೇ ಸೇರಿಸಿದರು. ತಿಂಗಳಿಗೊಮ್ಮೆ ಅತ್ತೆ ಸೊಸೆ ಬಸ್ಸು ಹತ್ತಿ ಜಮಖಂಡಿಗೆ ಗುಳಿಗೆ ತರಲು ಹೋದರೆ ಅದು ದರ್ಶನಕ್ಕೆ ಹೋದದ್ದಾಯಿತು. ಬರುವಾಗ ಧನಶ್ರೀ ಸುಸ್ತಾಗಿದ್ದರೆ ಅದು ಉಪವಾಸದ ಕಳೆಯಾಯಿತು.

ಆ ಗುಳಿಗೆಯಿಂದ ಕನಸುಗಳೂ ಬೀಳುತ್ತಿದ್ದವು. ಬಣ್ಣಬಣ್ಣದ, ಗದ್ದಲದ ಕನಸುಗಳು. ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಧನಶ್ರೀ ಕನಸಿನಲ್ಲಿ ಆನೆ ಬಂದಿತ್ತು ಎಂದು ಬಾಯಿ ಬಿಟ್ಟಳು. ತೀರ್ಥಂಕರರ ತಾಯಿ ಕಂಡ ಹದಿನಾರು ಕನಸುಗಳಲ್ಲಿ ಮೊದಲನೆಯದು ಆನೆ ಎಂಬುದು ಆ ಓಣಿಯ ಮಕ್ಕಳಿಗೂ ಗೊತ್ತು. ಹೆಂಗಸರು ಕೊಡ ಕೆಳಗಿಟ್ಟು ಕೈ ಮುಗಿದರು. ಆ ಆನೆ ಹಿಪ್ಪರಗಿಯಿಂದ ಕಬ್ಬಿನ ಟ್ರ್ಯಾಕ್ಟರ್ ಓಡಿಸಿಕೊಂಡು ಬಂದು, ಫ್ಯಾಕ್ಟರಿಯ ಗೇಟಿನಲ್ಲಿ ನನ್ನ ಪಾಳಿ ಮೊದಲು ಎಂದು ಜಗಳ ತೆಗೆದಿತ್ತು. ಅಷ್ಟನ್ನು ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ.

ಸಾಧ್ವಿಯ ಅತ್ತೆ ಎಂಬ ಪದವಿ ಅಕ್ಕವ್ವನಿಗೆ ಚೆನ್ನಾಗಿ ಒಗ್ಗಿತ್ತು. ಬಸದಿಯಲ್ಲಿ ಅವಳಿಗೆ ಮುಂದಿನ ಸಾಲಿನಲ್ಲಿ ಜಾಗ ಬಿಡುತ್ತಿದ್ದರು. ಧನಶ್ರೀಗೆ ಮಾತ್ರ ಒಳಗೊಳಗೇ ಕೊರಗು. ಹಗಲೆಲ್ಲ ಅವಳು ಪವರ್‌ಲೂಮಿನವರಿಗೆ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದಳು. ಪ್ರಾಚಿ ಶಾಲೆಯಿಂದ ಬರುವುದು ಐದಕ್ಕೆ, ಊಟ ಮತ್ತು ಗುಳಿಗೆ ಆರಕ್ಕೆ. ಒಂಬತ್ತನೇ ತರಗತಿಯ ಹುಡುಗಿಯರು ಬೆಳಿಗ್ಗೆ ಮಾತಾಡುತ್ತಾರೆಯೇ? ಟಿಫಿನ್ ಎಲ್ಲಿ, ರಿಬ್ಬನ್ ಎಲ್ಲಿ ಎನ್ನುವುದರಲ್ಲೇ ಬೆಳಗು ಮುಗಿಯುತ್ತದೆ. ಅವರ ಮನಸ್ಸು ಬಾಯಿಗೆ ಬರುವುದು ದೀಪ ಹಚ್ಚಿದ ಮೇಲೆ, ಅಂಗಳದಲ್ಲಿ ಕಾಲು ಚಾಚಿ ಕೂತಾಗ. ಮಗಳು ತನ್ನ ಕಣ್ಣೆದುರು ಅರ್ಧ ದಿನ ಮಾತ್ರ ಬೆಳೆಯುತ್ತಿದ್ದಾಳೆ, ಉಳಿದರ್ಧ ಬೇರೆಯವರ ಪಾಲಾಗುತ್ತಿದೆ ಎಂದು ಧನಶ್ರೀಗೆ ಅನಿಸುತ್ತಿತ್ತು. ಒಂದು ಬೆಳಿಗ್ಗೆ ಪ್ರಾಚಿ, ನಿನ್ನೆ ಸಂಜೆ ನಿನ್ನ ಹಾಸಿಗೆಯ ಹತ್ತಿರ ಕೂತು ಅಷ್ಟು ಹೊತ್ತು ಹೇಳಿದೆನಲ್ಲ, ಕೇಳಿಸಿತಾ ಎಂದಳು. ಧನಶ್ರೀಗೆ ಒಂದಕ್ಷರ ನೆನಪಿರಲಿಲ್ಲ.

“ಹೋಗ್ಲಿ ಬಿಡವ್ವ,” ಎಂದು ಹುಡುಗಿ ಜಡೆ ಹಾಕಿಕೊಂಡು ಹೊರಟುಹೋದಳು.

ಆ ‘ಹೋಗ್ಲಿ ಬಿಡು’ ಧನಶ್ರೀಯ ಎದೆಯಲ್ಲಿ ಮುಳ್ಳಿನಂತೆ ನಿಂತಿತು. ಅವಳಿಗೆ ಸ್ವರ್ಗ ಬೇಕಿರಲಿಲ್ಲ, ನಮಸ್ಕಾರ ಬೇಕಿರಲಿಲ್ಲ. ಎಚ್ಚರವಾಗಿ ಕೂತು ಮಗಳ ಮಾತು ಕೇಳಲು ಸಂಜೆಗಳು ಬೇಕಿದ್ದವು.

ಕೊರೊನಾ ಅಡಗಿದ ವರ್ಷ ಆಸ್ಪತ್ರೆಗೆ ಹೊಸ ಗುಳಿಗೆ ಬಂತು. ಅಲ್ಲಿ ರೋಗಿಗಳ ಜೊತೆ ಕೂತು ಮಾತಾಡುವ ಆಪ್ತಸಮಾಲೋಚಕಿ ವಂದನಾ ಎಂಬವಳು. ಪ್ರತಿ ತಿಂಗಳು ಅವಳು ಏನಾದರೂ ತ್ರಾಸಿದೆಯೇ ಎಂದು ಕೇಳುವುದು, ಧನಶ್ರೀ ಬಾಯಿ ತೆರೆಯುವ ಮೊದಲೇ ಅಕ್ಕವ್ವ ಏನೂ ಇಲ್ಲರಿ, ಛಲೋ ಅದಾಳ ಎನ್ನುವುದು, ಇದು ರೂಢಿ. ಆ ದಿನ ಅಕ್ಕವ್ವ ಮೊಣಕಾಲು ನೋವಿಗೆ ಬೇರೆ ಪಾಳಿಯಲ್ಲಿ ನಿಂತಿದ್ದಳು. ವಂದನಾ ಕೇಳಿದಳು. ಧನಶ್ರೀ ಎಂಟು ವರ್ಷದ್ದನ್ನು ಒಂದೇ ಉಸಿರಿನಲ್ಲಿ ಹೇಳಿದಳು: ಆರು ಗಂಟೆಯ ಗುಳಿಗೆ, ನಡೆಯುವ ಗೋಡೆ, ಆನೆ, ಮೌನವ್ರತ, ಎಲ್ಲ. ತುಪ್ಪದ ಸೌಟಿನ ಹತ್ತಿರ ಬಂದಾಗ ವಂದನಾ ನಗು ತಡೆಯಲಾರದೆ ಮೇಜಿನ ಮೇಲೆ ತಲೆಯಿಟ್ಟಳು.

ಆಮೇಲೆ ಕಣ್ಣೊರೆಸಿಕೊಂಡು ಬಿಡಿಸಿ ಹೇಳಿದಳು. ಹೊಸ ಗುಳಿಗೆಯೂ ದಿನಕ್ಕೊಂದೇ. ಯಾವ ಹೊತ್ತಿಗಾದರೂ ಸರಿ, ಊಟದ ಮುಂಚೆಯೂ ಸರಿ, ಮೇಲೂ ಸರಿ, ಬೆಳಿಗ್ಗೆ ನುಂಗಿದರೆ ಇನ್ನೂ ಒಳ್ಳೆಯದು. ತಲೆ ತಿರುಗುವುದು ಬಹುಮಟ್ಟಿಗೆ ಇರುವುದಿಲ್ಲ. ಕೆಲವರಿಗೆ ಮೈ ಬಂದು ತೂಕ ಏರುತ್ತದೆ, ಕೆಲವರಿಗೆ ಮೊದಮೊದಲು ನಿದ್ದೆ ತಡವಾಗುತ್ತದೆ. ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆ ಏನಾದರೂ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಬೇಕು. ಆರು ತಿಂಗಳಿಗೆ ರಕ್ತ ನೋಡುತ್ತೇವೆ ಎಂದಳು.

ಬಾಯಿಗೆ ಬಂದ ತುತ್ತನ್ನು ಧನಶ್ರೀ ತಟ್ಟನೆ ನುಂಗಿದಳೆಂದು ತಿಳಿಯಬೇಡಿ. ಅವಳಿಗೆ ಭಯವಾಯಿತು. ಗಂಡನನ್ನು ಕೊಂಡೊಯ್ದ ರೋಗದಿಂದ ತನ್ನನ್ನು ಉಳಿಸಿದ್ದು ಆ ಹಳೆಯ ಗುಳಿಗೆ. ರಕ್ತದಲ್ಲಿ ವೈರಸ್ಸೇ ಕಾಣದಷ್ಟು ಅಡಗಿಸಿ ಇಟ್ಟಿದ್ದು ಅದೇ. ಎಷ್ಟು ಕಾಡಿದ್ದರೂ ಅನ್ನ ಹಾಕಿದ ಯಜಮಾನನನ್ನು ಬಿಟ್ಟು ಹೋಗುವವಳಂತೆ ಅವಳು ಅಳುಕಿದಳು.

“ಹಳೇದು ನನ್ನ ಜೀವ ಉಳಿಸೇತಿರಿ,” ಎಂದಳು.

“ಜೀವ ಉಳಿಸಿದ್ದು ಯಾತಕ್ಕ? ಮಲಗಸಾಕೇನು?” ಎಂದಳು ವಂದನಾ. “ಎರಡೂ ಜೀವ ಉಳಸ್ತಾವರಿ. ಆದ್ರ ಸಂಜಿ ನಿಮ್ಮದು. ಬೇಕೋ ಬ್ಯಾಡೋ ನೀವ ಹೇಳ್ರಿ.”

ಎಂಟು ವರ್ಷದಲ್ಲಿ ನೀನೇ ಹೇಳು ಎಂದು ಯಾರೂ ಅವಳನ್ನು ಕೇಳಿರಲಿಲ್ಲ. ಧನಶ್ರೀ ಹೊಸ ಡಬ್ಬಿ ಚೀಲಕ್ಕೆ ಹಾಕಿಕೊಂಡಳು.

ಹೊಸ ಗುಳಿಗೆ ಶುರುವಾಗಿ ನಾಲ್ಕಾರು ದಿನಕ್ಕೆ ಗೋಡೆಗಳು ನಡೆಯುವುದನ್ನು ಬಿಟ್ಟು ನಿಂತಲ್ಲೇ ನಿಂತವು. ಅಕ್ಕವ್ವನಿಗೆ ಸಂತೋಷವೂ ಆಯಿತು, ಗಾಬರಿಯೂ ಆಯಿತು. ಧನಶ್ರೀ ಇಂದಿನಿಂದ ಸಂಜೆ ಹೊರಗೆ ಕೂಡುತ್ತೇನೆ ಎಂದಾಗ ಗಾಬರಿ ಗೆದ್ದಿತು.

“ಎಂಟು ವರ್ಷದ ವ್ರತ ಒಂದ ದಿನದಾಗ ಮುರದ್ರ ಓಣಿ ಕಾರಣ ಕೇಳ್ತೈತಿ. ಆ ಕಾರಣ ನನ್ನ ಮಗನ ತನಕ ಹೋಗ್ತೈತಿ,” ಎಂದಳು ಅಕ್ಕವ್ವ. “ಅವನ ಹೆಸರರ ಉಳೀಲಿ ಬೇ.”

ಧನಶ್ರೀ ಹೊರಗೆ ಕೂಡುವ ಆಸೆ ಬಿಟ್ಟಳು. ಸಂಜೆಯಾದೊಡನೆ ಒಳಗೆ ಹೋಗಿ, ಕಣ್ಣು ಪಿಳಿಪಿಳಿ ಬಿಡುತ್ತ ಚಾದರ ಹೊದ್ದು ಮಲಗಿದಳು. ಹೊರಗೆ ಪವರ್‌ಲೂಮುಗಳ ಖಟಖಟ. ಕರೆಂಟು ಹೋಗಿ ಅದು ನಿಂತಾಗ ಅಂಗಳದ ಮಾತೆಲ್ಲ ಸ್ಪಷ್ಟವಾಗಿ ಕೇಳತೊಡಗಿತು. ಪ್ರಾಚಿ ತನ್ನ ಗಣಿತದ ಮಾಸ್ತರನ್ನು ಅಣಕಿಸುತ್ತಿದ್ದಳು. ಮಾಸ್ತರು ಸೀನುವುದು, ಸೀನಿದ ಮೇಲೆ ಯಾವ ಲೆಕ್ಕದಲ್ಲಿದ್ದೆ ಎಂದು ಮರೆಯುವುದು, ಮತ್ತೆ ಮೊದಲಿನಿಂದ ಶುರು ಮಾಡುವುದು. ತನ್ನ ಮಗಳು ಇಷ್ಟು ತಮಾಷೆಯ ಹುಡುಗಿ ಎಂದು ಧನಶ್ರೀಗೆ ಗೊತ್ತೇ ಇರಲಿಲ್ಲ. ಮೂರನೆಯ ಸೀನಿಗೆ ಅವಳು ಚಾದರದ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಆದರೂ ನಗು ಮೂಗಿನಿಂದ ಹೊರಬಿತ್ತು. ನಗುತ್ತ ನಗುತ್ತ ಯಾವಾಗ ಅಳು ಬಂತೋ ಅವಳಿಗೇ ತಿಳಿಯಲಿಲ್ಲ.

ಬಾಗಿಲಲ್ಲಿ ಅಕ್ಕವ್ವ ನಿಂತಿದ್ದಳು. ಚಾದರ ಕುಲುಕುವುದನ್ನು ನೋಡಿದಳು. ಮಗ ಹೋದಾಗಿನಿಂದ ಈ ಮನೆಯಲ್ಲಿ ಸೊಸೆಯ ನಗು ಹೀಗೆ ಕೇಳಿರಲಿಲ್ಲ. ಸತ್ತ ಮಗನ ಹೆಸರು ಕಾಯಲು ಹೋಗಿ ಇದ್ದ ಸೊಸೆಯ ಬಾಯಿಗೆ ಬಟ್ಟೆ ತುರುಕಿದೆನಲ್ಲ ಎಂದು ಮುದುಕಿ ತನ್ನನ್ನೇ ಬೈದುಕೊಂಡಳು. ಆದರೆ ಅಕ್ಕವ್ವ ಅಳುತ್ತ ಕೂಡುವವಳಲ್ಲ, ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎನ್ನುವ ಲೆಕ್ಕದವಳು. ಮರುದಿನ ಬೆಳಿಗ್ಗೆ ಬಸದಿಗೆ ಹೋಗಿ ಬಂದವಳೇ ಹೇಳಿದಳು: ಹಿಡಿದ ವ್ರತಕ್ಕೆ ಮುಗಿಯುವ ದಿನವೂ ಒಂದಿರುತ್ತದೆ. ಉದ್ಯಾಪನೆ ಮಾಡಿ ಮುಗಿಸಿದರೆ ಅದು ಮುರಿದದ್ದಲ್ಲ, ಪೂರೈಸಿದ್ದು. ಓಣಿಯವರನ್ನು ಕರೆದು ಉಂಡಿ ಹಂಚಿಬಿಡೋಣ.

ಇಲ್ಲದ ವ್ರತಕ್ಕೆ ಉದ್ಯಾಪನೆ! ಧನಶ್ರೀ ನಕ್ಕಳು. ಆದರೆ ಸಂಜೆಗಳು ಸಿಗುತ್ತವೆಂದರೆ ಅವಳು ಏನು ಬೇಕಾದರೂ ಮಾಡಲು ಸಿದ್ಧಳಿದ್ದಳು. ಎರಡು ದಿನ ಕೂತು ತಾನೇ ಕಡಲೆಹಿಟ್ಟು ಹುರಿದು ಉಂಡಿ ಕಟ್ಟಿದಳು.

ಉದ್ಯಾಪನೆಯ ದಿನ ಅಂಗಳ ತುಂಬಿತು. ಪೂಜೆ ತಡವಾಗಿ, ಧನಶ್ರೀ ಎಲ್ಲರ ಕೈಗೂ ಉಂಡಿ ಕೊಟ್ಟು ಮುಗಿಸುವಷ್ಟರಲ್ಲಿ ಹೊತ್ತು ಮುಳುಗಿತು. ಇನ್ನು ಯಾರೂ ಬಾಯಿಗಿಡುವಂತಿಲ್ಲ. ಹೆಂಗಸರು ಉಂಡಿಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಎಂಟು ವರ್ಷದ ಮೌನ ಮುರಿದು ಬರುವ ಮೊದಲ ಮಾತಿಗೆ ಕಾದು ಕೂತರು. ಧನಶ್ರೀ ಎಲ್ಲರಿಗೂ ಕೈಮುಗಿದು, ನಿಮ್ಮೆಲ್ಲರ ಆಶೀರ್ವಾದ ಎಂದು ಹೇಳಿ ಮುಗಿಸುವುದೆಂದು ಅತ್ತೆ ಸೊಸೆ ಮಾತಾಡಿಕೊಂಡಿದ್ದರು.

ಅಷ್ಟರಲ್ಲಿ ಇಂದ್ರವ್ವ ಎದ್ದಳು. ತನ್ನ ಸೊಸೆ ರಾಜಶ್ರೀಯ ರಟ್ಟೆ ಹಿಡಿದು ಮುಂದಕ್ಕೆ ತಂದಳು. ರಾಜಶ್ರೀ ಮದುವೆಯಾಗಿ ಆರು ತಿಂಗಳಾಗದ ಹುಡುಗಿ. ಅವಳ ಗಂಡ ಸಿದ್ಧಾಂತ ಬನಹಟ್ಟಿಯ ಬಟ್ಟೆ ಅಂಗಡಿಯಿಂದ ಮನೆಗೆ ಬರುವುದೇ ರಾತ್ರಿ ಎಂಟಕ್ಕೆ.

“ಈಕಿ ಮಾತು ಭಾಳ ಆಗೇತಿ. ಧನಶ್ರೀ ಬಿಟ್ಟ ಮೌನ ಇವತ್ತಿನಿಂದ ನನ್ನ ಸೊಸಿ ಹಿಡೀತಾಳ,” ಎಂದಳು ಇಂದ್ರವ್ವ. “ಪುಣ್ಯಾ ಓಣಿ ಬಿಟ್ಟು ಹೋಗಬಾರದು.”

ಹೆಂಗಸರು ಭಲೆ ಎಂದು ತಲೆದೂಗಿದರು. ರಾಜಶ್ರೀ ತಲೆ ತಗ್ಗಿಸಿದ್ದಳು. ಅವಳ ಕಣ್ಣಲ್ಲಿ ನೀರು ತುಂಬಿದ್ದು ಎದುರಿಗಿದ್ದ ಧನಶ್ರೀಗೆ ಮಾತ್ರ ಕಂಡಿತು. ಒಂದು ಸಂಜೆಯ ಬೆಲೆ ಏನೆಂದು ಆ ಅಂಗಳದಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಸುಮ್ಮನಿದ್ದರೆ ತನ್ನ ಸಂಜೆಗಳು ತನಗೆ ದಕ್ಕುತ್ತವೆ, ಈ ಹುಡುಗಿಯವು ಹೋಗುತ್ತವೆ. ಬಾಯಿ ಬಿಟ್ಟರೆ ನಾಳೆಯಿಂದ ತನ್ನ ಪಕ್ಕದಲ್ಲಿ ಯಾರೂ ಕೂಡದೆ ಹೋಗಬಹುದು. ಅವಳು ಅತ್ತೆಯ ಕಡೆ ನೋಡಿದಳು, ಆಮೇಲೆ ರಾಜಶ್ರೀಯ ಕಡೆ ನೋಡಿದಳು.

“ಬ್ಯಾಡ ರಾಜಶ್ರೀ,” ಎಂದಳು. “ನಾ ವ್ರತ ಹಿಡಿದಿದ್ದಿಲ್ಲ. ಗುಳಿಗಿ ನುಂಗಿ ಎಚ್ಚರ ತಪ್ಪಿ ಬಿದ್ದಿರತಿದ್ದೆ. ನನ್ನ ಮಗಳ ಎಂಟು ವರ್ಷದ ಸಂಜಿ ನಾ ಕಳಕೊಂಡೇನಿ. ನೀ ನಿನ್ನ ಗಂಡನ ಜೋಡಿ ಮಾತಾಡು.”

ಯಾವ ಗುಳಿಗೆ ಎಂದು ಇಂದ್ರವ್ವ ಕೇಳಿದಳು. ಧನಶ್ರೀ ಅತ್ತೆಯ ಕಡೆ ತಿರುಗಿದಳು. ಮುಂದಿನ ಮಾತು ಸತ್ತವನ ಹೆಸರಿಗೆ ತಗಲುವಂಥದ್ದು. ಅಷ್ಟರಲ್ಲಿ ಹಿಂದಿನಿಂದ ಅಕ್ಕವ್ವ ಮೊಣಕಾಲಿಗೆ ಕೈ ಕೊಟ್ಟು ಎದ್ದು ನಿಂತಳು.

“ಎಚ್‌ಐವಿದು,” ಎಂದಳು. “ನನ್ನ ಮಗನಿಂದ ಬಂದದ್ದು. ಗುಳಿಗಿ ಆಕಿ ನುಂಗಿದ್ಲು, ಸುಳ್ಳು ನಾ ಹೇಳಿದೆ. ಬೈಯೋದಿದ್ರ ನನಗ ಬೈರಿ.”

ರೋಗ ಅಡಗಿದೆ, ಮುಟ್ಟಿದರೆ ಉಂಡರೆ ಬರುವುದಲ್ಲ ಎಂದು ಧನಶ್ರೀ ಹೇಳಿದ್ದನ್ನು ಎಷ್ಟು ಜನ ಕೇಳಿಸಿಕೊಂಡರೋ ಗೊತ್ತಿಲ್ಲ. ಮೊದಲು ಬಾಯಿ ಬಿಟ್ಟವಳು ಇಂದ್ರವ್ವ. ರೋಗದ ಮಾತನ್ನೇ ಎತ್ತಲಿಲ್ಲ. ಎಂಟು ವರ್ಷ ನಿನ್ನ ಕಾಲಿಗೆ ಬಿದ್ದಿದ್ದೇನೆ, ಸೊಂಟ ನೋವಿದ್ದಾಗಲೂ ಬಿದ್ದಿದ್ದೇನೆ, ಆ ನಮಸ್ಕಾರಗಳನ್ನು ವಾಪಸ್ ಯಾರು ಕೊಡುತ್ತಾರೆ ಎಂದು ಸಿಡುಕಿ, ರಾಜಶ್ರೀಯನ್ನು ಎಳೆದುಕೊಂಡು ನಡೆದುಬಿಟ್ಟಳು. ಉಳಿದವರು ಒಬ್ಬೊಬ್ಬರಾಗಿ ಎದ್ದರು.

ಬೇರೆ ಊರಿನಲ್ಲಾದರೆ ಜನರ ಮನಸ್ಸು ಅಲ್ಲೇ ತಿಳಿಯುತ್ತಿತ್ತು. ಕೊಟ್ಟ ನೀರು ಕುಡಿದರೆ ನಮ್ಮವರು, ಕುಡಿಯದಿದ್ದರೆ ಅಲ್ಲ. ಈ ಓಣಿಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರು ಯಾರ ಮನೆಯಲ್ಲೂ ಏನೂ ಮುಟ್ಟುವುದಿಲ್ಲ. ನೇಮಕ್ಕೋ ಹೇಸಿಕೆಗೋ ಎಂದು ಹೇಗೆ ಹೇಳುವುದು? ಸೂರ್ಯ ಮೂಡುವವರೆಗೂ ಕಾಯಲೇಬೇಕು. ತನ್ನ ಕೈಯಿಂದ ಕಟ್ಟಿದ ಉಂಡಿಗಳು ಎಷ್ಟು ಸೆರಗುಗಳಲ್ಲಿ ಉಳಿದವೋ, ಎಷ್ಟು ಗಟಾರ ಸೇರಿದವೋ ಎಂಬ ಚಿಂತೆಯಲ್ಲಿ ಧನಶ್ರೀ ಕೂತಳು. ಪ್ರಾಚಿ ಬಂದು ಅವಳ ತೊಡೆಯ ಮೇಲೆ ತಲೆಯಿಟ್ಟು, ಅವತ್ತು ಹೇಳಿ, ಆಮೇಲೆ ‘ಹೋಗ್ಲಿ ಬಿಡು’ ಎಂದಿದ್ದನ್ನು ಮೊದಲಿನಿಂದ ಹೇಳತೊಡಗಿದಳು. ಶಾಲೆಯ ಖೋಖೋ ತಂಡದಲ್ಲಿ ಅವಳಿಗೆ ಆಗಿದ್ದ ಒಂದು ಅನ್ಯಾಯದ ಕತೆ. ಧನಶ್ರೀ ನಡುನಡುವೆ ಪ್ರಶ್ನೆ ಕೇಳಿದಳು. ಎದೆಯಲ್ಲಿ ಅಷ್ಟು ಹೆದರಿಕೆಯಿದ್ದರೂ ಆ ಸಂಜೆ ಅವಳಿಗೆ ಸುಖವಾಗಿತ್ತು.

ಬೆಳಿಗ್ಗೆ ಕಸ ಗುಡಿಸುವ ನೆಪದಲ್ಲಿ ಅವಳು ಗಟಾರ ನೋಡಿಕೊಂಡು ಬಂದಳು. ಒಂದು ಉಂಡಿ ಬಿದ್ದಿತ್ತು, ಇರುವೆ ಮುತ್ತಿತ್ತು. ಸ್ವಲ್ಪ ಮುಂದೆ ಇನ್ನೊಂದು. ಮುಂದೆ ನೋಡುವ ಧೈರ್ಯ ಸಾಲದೆ ಮನೆಯ ಕಡೆ ತಿರುಗಿದಳು.

ಇಂದ್ರವ್ವ ಆಗಲೇ ಅವಳ ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ಬಿಸಿಲು ಆಗಷ್ಟೇ ಮಾಳಿಗೆಗೆ ತಾಗಿತ್ತು. ಇಂದ್ರವ್ವನ ಕೈಯಲ್ಲಿ ಅರ್ಧ ಉಂಡಿ, ಬಾಯಲ್ಲಿ ಇನ್ನರ್ಧ. ಹೊಸ್ತಿಲಲ್ಲಿ ಅಕ್ಕವ್ವ ಚಹದ ಬಟ್ಟಲು ಹಿಡಿದು ನಿಂತಿದ್ದಳು.

“ಸಕ್ರಿ ಕಡಿಮಿ ಆಗೇತಿ,” ಎಂದಳು ಇಂದ್ರವ್ವ, ಧನಶ್ರೀಯ ಮುಖ ನೋಡದೆ. “ಹಿಟ್ಟೂ ಸರಿಯಾಗಿ ಹುರದಿಲ್ಲ. ಇಷ್ಟ ದಿನಾ ನಿನ್ನ ಅಡಿಗ್ಯಾಗ ಐಬು ಹುಡಕಾಕ ಅಂಜತಿದ್ದೆ.”

ಎಂಟು ವರ್ಷದ ನಮಸ್ಕಾರಗಳಲ್ಲಿ ಒಂದೂ ಕೊಡದ ಸಮಾಧಾನವನ್ನು ಆ ಒಂದು ಬೈಗುಳ ಕೊಟ್ಟಿತು. ಧನಶ್ರೀ ಕಟ್ಟೆಯ ಮೇಲೆ ಅವಳ ಪಕ್ಕದಲ್ಲೇ ಕುಸಿದು ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡಳು. ಇಂದ್ರವ್ವ ಉಳಿದ ಉಂಡಿಯನ್ನು ಅಗಿಯುತ್ತ, ಸಂಜೆ ಮನೆಗೆ ಬಾ, ಹಿಟ್ಟು ಹೇಗೆ ಹುರಿಯುವುದೆಂದು ತೋರಿಸುತ್ತೇನೆ ಎಂದಳು.

ಎಲ್ಲರೂ ಇಂದ್ರವ್ವನಂತಾಗಲಿಲ್ಲ. ಎರಡು ಮನೆಯವರು ಮಾತು ಬಿಟ್ಟರು, ಬಸದಿಯಲ್ಲಿ ಅಕ್ಕವ್ವನ ಮುಂದಿನ ಸಾಲು ಹೋಯಿತು. ಅವಳು ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಲು ಬರುತ್ತದೆ, ಮೊಣಕಾಲಿಗೆ ಹಿತ ಎಂದಳು. ಆರು ತಿಂಗಳಿಗೆ ರಕ್ತ ಪರೀಕ್ಷೆಯಾಯಿತು. ವೈರಸ್ಸು ಮೊದಲಿನಂತೆಯೇ ಅಡಗಿತ್ತು.

ಆ ಹೊತ್ತಿಗೆ ಸಂಜೆಯಾದರೆ ಇಂದ್ರವ್ವನ ಕಟ್ಟೆಯ ಮೇಲೆ ಧನಶ್ರೀಯದೇ ದರ್ಬಾರು. ಎಂಟು ವರ್ಷ ಕಟ್ಟಿಟ್ಟ ಮಾತು, ಹಿಪ್ಪರಗಿಯ ಬ್ಯಾರೇಜಿನ ಗೇಟು ತೆಗೆದ ಹಾಗೆ ಬರುತ್ತಿತ್ತು. ಪ್ರಾಚಿ ಮತ್ತು ರಾಜಶ್ರೀ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಸಿದ್ಧಾಂತ ಬಂದ ಮೇಲೂ ರಾಜಶ್ರೀ ಏಳುತ್ತಿರಲಿಲ್ಲ. ಒಂದು ಸಂಜೆ ಇಂದ್ರವ್ವ ನಡುವೆ ಬಾಯಿ ಹಾಕಲು ಮೂರು ಸಲ ನೋಡಿ, ಮೂರು ಸಲವೂ ಸೋತು, ಕೊನೆಗೆ ಎರಡೂ ಕೈ ಮುಗಿದಳು.

“ನಿನ್ನ ಕಾಲಿಗೆ ಬೀಳ್ತೀನಿ ಬೇ. ಇನ್ನೊಂದು ಎಂಟು ವರ್ಷ ಮೌನ ಹಿಡಿ. ಉದ್ಯಾಪನಿ ಉಂಡಿ ನಾನ ಕಟ್ತೀನಿ.”

“ಅದನ್ನ ನಾಳೆ ಮುಂಜಾನಿ ಮಾತಾಡೂಣರಿ,” ಎಂದಳು ಧನಶ್ರೀ. “ಸಂಜಿಕ ನನಗ ಪುರಸೊತ್ತಿಲ್ಲ.”